ಕೆಂಪು ಬೊಟ್ಟಿನ ತಿರುಪು

ಟಾಸ್ಮೇನಿಯಾದ ಕ್ವೀನ್ಸ್‌ಟೌನಿನಲ್ಲಿ ಸೈಕಲ್ ರಿಪೇರಿ ಮಾಡುವ ಡೆಸ್, ತಾನು ತಿರುವಿದ ಪ್ರತಿ ತಿರುಪಿಗೂ ಹೆಂಡತಿಯ ಕೆಂಪು ಉಗುರುಬಣ್ಣದ ಬೊಟ್ಟಿಡುತ್ತಿದ್ದ. ಬೇರೆ ಯಾರಾದರೂ ಕೈಯಾಡಿಸಿದರೆ ಬೊಟ್ಟು ಒಡೆದು ಗುಟ್ಟು ರಟ್ಟಾಗುತ್ತಿತ್ತು. ಆಮೇಲೆ ಅವರಿಗೆ ಮಂಗಳಾರತಿ. ಅವನ ಪ್ರಕಾರ ತಪ್ಪು ಯಾವತ್ತೂ ಬೇರೆಯವರದೇ.

ಇವತ್ತು ತಂಗಿ ನೋಯ್ಲೀನ್ ತನ್ನ ಸತ್ತ ಗಂಡ ರಾಸ್‌ನ ಹಳೆಯ ಮೌಂಟನ್ ಬೈಕು ತಂದು ನಿಲ್ಲಿಸಿದಳು. ಹೋದ ತಿಂಗಳು ಅವನು ಗುಡ್ಡದ ದಾರಿಯಲ್ಲಿ ಇದರಿಂದಲೇ ಬಿದ್ದು ಪ್ರಾಣ ಬಿಟ್ಟಿದ್ದ.

"ಹಿಂದಿನ ಗೇರ್ ಬೀಳ್ತಿಲ್ಲ ಕಣೋ. ಸರಿಮಾಡಿಕೊಡು, ಮಗಳು ಓಡಿಸ್ತಾಳಂತೆ."

ಡೆಸ್ ಬೈಕನ್ನು ತಲೆಕೆಳಗು ಮಾಡಿ ಪೆಡಲ್ ತಿರುಗಿಸಿದ. ಕೇಬಲ್ ಸರಿಯಿತ್ತು. ಚೈನು ದಾಟಿಸುವ ತೋಳು ನೇತಾಡುವ ಕೊಂಡಿ ಮಾತ್ರ ಚಕ್ರದ ಕಡೆಗೆ ಬಾಗಿತ್ತು. ಬಾಗಿದ ಜಾಗದಲ್ಲಿ ವರ್ಷಗಳ ತುಕ್ಕು, ಗಟ್ಟಿಯಾದ ಗ್ರೀಸು. ಅಂದರೆ ರಾಸ್ ಬೀಳುವ ಎಷ್ಟೋ ಮೊದಲೇ ಬಾಗಿತ್ತು.

ಸಾಯುವ ಹಿಂದಿನ ದಿನ ರಾಸ್, "ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹತ್ತಲ್ಲ, ಭಾವ" ಅಂದಿದ್ದ. ಕೊಂಡಿಯತ್ತ ಕಣ್ಣೂ ಹಾಯಿಸದೆ ಡೆಸ್, ತೋಳು ಅತಿಯಾಗಿ ಒಳಸರಿಯದಂತೆ ತಡೆಯುವ ತಿರುಪನ್ನೇ ಎರಡು ಸುತ್ತು ಸಡಿಲಿಸಿ ಕಳಿಸಿದ್ದ. ಈಗ ಚಕ್ರದಲ್ಲಿ ಮೂರು ಕಡ್ಡಿ ಮುರಿದಿದ್ದವು. ಅವತ್ತು ಗುಡ್ಡದಲ್ಲಿ ತೋಳು ಕಡ್ಡಿಗಳೊಳಗೆ ಸಿಕ್ಕಿಕೊಂಡು ಚಕ್ರ ಹಿಡಿದಿತ್ತು.

ಆ ತಿರುಪಿನ ಮೇಲೆ ಅವನಿಟ್ಟ ಕೆಂಪು ಬೊಟ್ಟು ಚೂರೂ ಒಡೆದಿರಲಿಲ್ಲ.

"ಇದನ್ನ ಗುಜರಿಗೆ ಹಾಕು," ಅಂದ ಡೆಸ್.

"ತಲೆ ಕೆಟ್ಟಿದೆಯೇನೋ?" ನೋಯ್ಲೀನ್ ರೇಗಿದಳು. "ನೀನು ಕೈಯಿಟ್ಟ ಬೈಕು ಅಂತ ತಾನೇ ನಂಗೆ ಧೈರ್ಯ! ಸುಮ್ನೆ ಬೊಟ್ಟಿಟ್ಟು ಕೊಡು."