ಕೂರಿಸಿ ಬಿಗಿಯುವುದು

ಊರಿನವರಿಗೆ ಅವನು ಗೆದ್ದಣ್ಣ. ನನ್ನ ಬಾಯಲ್ಲಿ ಗೆದ್ದಲು. ಒಳಗೊಳಗೇ ತಿಂದು ಮುಗಿಸಿ, ಹೊರಗೆ ಏನೂ ಆಗಿಲ್ಲವೆಂಬಂತೆ ತೋರಿಸಿಕೊಳ್ಳುವ ಜಾತಿ. ಒಂದು ಕಾಲದಲ್ಲಿ ನನ್ನ ಅಕ್ಕನ ಗಂಡನಾಗಿದ್ದ. ಈಗ ಆ ಪೀಡೆ ತೊಲಗಿದೆ. ಆದರೆ ಮನೆ ಬಿಟ್ಟು ಹೋಗುವಾಗ ಎರಡು ವಸ್ತು ಹೊತ್ತುಕೊಂಡು ಹೋದ. ಒಂದು, ಅಪ್ಪ ಗುಜರಿಯಿಂದ ತಂದು ಜೀವ ಕೊಟ್ಟಿದ್ದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು. ಇನ್ನೊಂದು, ಬೆಟ್ಟದ ರೇಸಿನಲ್ಲಿ ಆ ಕಾರು ಗೆದ್ದ ಬೆಳ್ಳಿ ಕಪ್. ಕಾರು ಹೋದದ್ದಕ್ಕೆ ನನಗೆ ಬೇಸರ. ಕಪ್ ಹೋದದ್ದಕ್ಕೆ ಹೊಟ್ಟೆಯಲ್ಲಿ ಬೆಂಕಿ. ಏಕೆಂದರೆ ಅಂದು ಕಾರು ಓಡಿಸಿದವಳು ನನ್ನ ಅಕ್ಕ.

ರೇಸಿನ ಬೆಳಿಗ್ಗೆ ಗೆದ್ದಲಿಗೆ ಭಯದಿಂದ ಹೊಟ್ಟೆ ಕೆಟ್ಟು ಹೋಗಿತ್ತು. ಬೆಟ್ಟದ ಬುಡದ ಶೌಚಾಲಯಕ್ಕೆ ಹೋದವನು ಓಟದ ಹೊತ್ತಾದರೂ ಹೊರಗೆ ಬರಲಿಲ್ಲ. ಅವನ ಹೆಸರು ಕೊಟ್ಟಾಗಿತ್ತು, ಬದಲಾಯಿಸುವ ಹಾಗಿರಲಿಲ್ಲ. ಅಪ್ಪ ಕಾರಿನ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅಕ್ಕ ಗಂಡನ ರೇಸಿನ ಉಡುಪು ತೊಟ್ಟು, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಸೀಟಿನಲ್ಲಿ ಕೂತಳು. ಇಬ್ಬರದೂ ಒಂದೇ ಎತ್ತರ, ಆಗ ಹೆಚ್ಚುಕಡಿಮೆ ಒಂದೇ ಮೈಕಟ್ಟು. ಬೆಟ್ಟ ಹತ್ತಿ, ಗೆದ್ದು, ಇಳಿದು ಬಂದು, ನಮ್ಮ ವ್ಯಾನಿನ ಹಿಂದೆ ಉಡುಪು, ಹೆಲ್ಮೆಟ್ ಕಳಚಿ ಗಂಡನ ಕೈಗೆ ಕೊಟ್ಟಳು. ಅವನು ಉಡುಪು ತೊಟ್ಟು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಕಪ್ ತೆಗೆದುಕೊಂಡ. ಸಂಜೆ ಎಲ್ಲರಿಗೂ ನಿಜ ಹೇಳುತ್ತೇನೆ ಎಂದಿದ್ದ. ಆ ಸಂಜೆ ಇವತ್ತಿಗೂ ಆಗಿಲ್ಲ.

ಮನೆಯ ಮಾತು ಮನೆಯಲ್ಲೇ ಇರಲಿ ಎಂದ ಅಪ್ಪ, ಅದನ್ನು ಗಂಟಲಲ್ಲಿ ಇಟ್ಟುಕೊಂಡೇ ತೀರಿಹೋದ. ನಾನು ಗ್ಯಾರೇಜು ವಹಿಸಿಕೊಂಡೆ. ಅಕ್ಕ ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಾಳೆ. ನಾನೇ ಊರೆಲ್ಲ ಸಾರಿ ಬರುತ್ತೇನೆ ಎಂದರೆ ಅವಳದು ಒಂದೇ ಮಾತು. "ನಾವು ಹೇಳ್ಕೊಂಡ್ರೆ ಭಿಕ್ಷೆ ಬೇಡಿದ ಹಾಗೆ ಕಣೇ. ಅದು ಅವನ ಬಾಯಿಂದಾನೇ ಬರಬೇಕು. ಬರಲ್ಲ, ಬಿಡು."

ಬಿಟ್ಟೇ ಬಿಡುತ್ತಿದ್ದೆನೇನೋ. ಆದರೆ ಆ ಮನುಷ್ಯ ವೇದಿಕೆ ಸಿಕ್ಕಲ್ಲೆಲ್ಲ ನಗೆಹನಿ ಸಿಡಿಸತೊಡಗಿದ. ತನ್ನ ಹಳೆಯ ಹೆಂಡತಿ ಎಂಥ ಪುಕ್ಕಲಿ ಎಂದರೆ, ತಾನು ತಿರುವು ತೆಗೆದುಕೊಳ್ಳುವಾಗ ಕಣ್ಣು ಮುಚ್ಚಿಕೊಂಡು ಡ್ಯಾಶ್‌ಬೋರ್ಡ್ ಹಿಡಿದು ಕೂರುತ್ತಿದ್ದಳಂತೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅದನ್ನು ಕೇಳಿದ ದಿನ ನಾನು ಹಿಡಿದಿದ್ದ ಸ್ಪ್ಯಾನರನ್ನು ಗೋಡೆಗೆ ಬೀಸಿದ್ದೆ. ಗಾರೆ ಕಿತ್ತ ಗುರುತು ಈಗಲೂ ಇದೆ, ಬೇಕೆಂದೇ ಮುಚ್ಚಿಸಿಲ್ಲ.

ಅಂಥವನು ಒಂದು ಮಧ್ಯಾಹ್ನ ಅದೇ ಕೆಂಪು ಕಾರಿನಲ್ಲಿ ನನ್ನ ಗ್ಯಾರೇಜಿನ ಮುಂದೆ ಬಂದು ಇಳಿದ. ಹೊಟ್ಟೆ ಮೊದಲು ಇಳಿಯಿತು, ಹಿಂದೆ ಅವನು.

"ಏನಮ್ಮಾ ನಾದಿನಿ, ಚೆನ್ನಾಗಿದೀಯಾ?"

"ಇಲ್ಲಿ ನಾದಿನಿ ಯಾರೂ ಇಲ್ಲ. ಮೆಕ್ಯಾನಿಕ್ ಇದಾಳೆ. ಏನಾಗ್ಬೇಕಿತ್ತು?"

ಬೆಟ್ಟದ ರೇಸಿನವರು ಹಳೆಯ ವಿಜೇತರನ್ನೆಲ್ಲ ಕರೆದು, ಗೆದ್ದ ಕಾರಿನಲ್ಲೇ ಮತ್ತೆ ಒಂದು ಸಲ ಓಡಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಗೆದ್ದಲಿಗೆ ಅದರ ಹಿಂದೆಯೇ ಡ್ರೈವಿಂಗ್ ಶಾಲೆ ತೆರೆಯುವ ಆಸೆ. ಆದರೆ ಅವನು ಬೇರೆ ಯಾವುದೋ ಗ್ಯಾರೇಜಿನಲ್ಲಿ ಕಾರಿನ ಹಿಂಭಾಗವನ್ನು ಮೆತ್ತಗೆ ಮಾಡಿಸಿ, ಎತ್ತರಿಸಿ, ಮಂಚದ ಹಾಗೆ ಮಾಡಿಟ್ಟಿದ್ದ. ಹಳೆಯ ಫೋಟೋ ಪಕ್ಕ ಇಟ್ಟರೆ ಅದು ಅದೇ ಕಾರು ಎಂದು ಹೇಳುವಂತಿರಲಿಲ್ಲ.

"ನಾನು ಗೆದ್ದಾಗ ಹೇಗಿತ್ತೋ ಹಾಗೇ ಮಾಡ್ಕೊಡು. ಒಂದು ಕೂದಲೆಳೆಯೂ ಆಚೀಚೆ ಆಗ್ಬಾರ್ದು."

ನನ್ನ ಕಿವಿ ನೆಟ್ಟಗಾಯಿತು. "ಅವತ್ತು ಇದ್ದ ಹಾಗೇನಾ?"

"ಅವತ್ತು ಇದ್ದ ಹಾಗೇ."

ನನಗೆ ಬೇರೆ ಯಾವ ಹಬ್ಬವೂ ಬೇಕಿರಲಿಲ್ಲ.

ಆ ಹಳೆಯ ಕಾರುಗಳ ಹಿಂದಿನ ಚಕ್ರಗಳಿಗೆ ಒಂದು ಕೆಟ್ಟ ಚಾಳಿ. ಎರಡು ಕಡೆಯ ಆಕ್ಸಲ್‌ಗೂ ಕೀಲು ಇರುವುದು ನಡುವಿನಲ್ಲಿ ಮಾತ್ರ. ತಿರುವಿನಲ್ಲಿ ಜೋರಾಗಿ ಹೋಗುತ್ತಿರುವಾಗ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರೋ, ಹಿಂಭಾಗ ಮೇಲೆದ್ದು, ಹೊರಮಗ್ಗುಲಿನ ಚಕ್ರ ಒಳಕ್ಕೆ ಮಡಚಿಕೊಂಡು, ಕಾರು ಬಾಲ ಬಿಚ್ಚಿ ಗಿರ್ರನೆ ಸುತ್ತಿಬಿಡುತ್ತದೆ. ಕಾಲು ತೆಗೆಯದೆ ಒತ್ತಿಕೊಂಡೇ ಹೋದರೆ ನೆಲ ಕಚ್ಚಿಕೊಂಡು ಹೋಗುತ್ತದೆ. ಅಕ್ಕ ಕಾಲು ತೆಗೆಯುವವಳಲ್ಲ. ಅದಕ್ಕೇ ಅವಳು ಗೆದ್ದದ್ದು. ಗೆದ್ದಲು ಮನೆಯ ಗೇಟಿನ ತಿರುವಿನಲ್ಲೂ ಕಾಲು ತೆಗೆಯುವವನು. ಆ ಬೇರೆ ಗ್ಯಾರೇಜಿನವರು ಇದನ್ನು ಕಂಡುಕೊಂಡೇ, ಚಕ್ರ ಮಡಚದಂತೆ ಅಡಿಯಲ್ಲಿ ಒಂದು ಅಡ್ಡಪಟ್ಟಿ ಕೂರಿಸಿದ್ದರು. ಒಳ್ಳೆಯ ಕೆಲಸ, ಹೆಸರಿಡುವ ಹಾಗಿರಲಿಲ್ಲ. ಅದನ್ನು ಬಿಚ್ಚಿ ಮೂಲೆಗೆ ಇಟ್ಟೆ.

ಎತ್ತರದ ಸ್ಪ್ರಿಂಗ್ ತೆಗೆದು, ಅಟ್ಟದ ಮೇಲೆ ಅಪ್ಪ ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಗಿಡ್ಡ ಸ್ಪ್ರಿಂಗ್‌ಗಳನ್ನು ಇಳಿಸಿದೆ. ಶಾಕ್ ಅಬ್ಸಾರ್ಬರ್‌ಗಳನ್ನು ಬಿಗಿಯಾದವಕ್ಕೆ ಬದಲಾಯಿಸಿದೆ. ಹಿಂಭಾಗ ತಗ್ಗಿ, ಎರಡೂ ಚಕ್ರಗಳು ಕಾಲಗಲಿಸಿ ನಿಂತ ಪೈಲ್ವಾನನ ಹಾಗೆ ನಿಂತವು. ಕೆಲಸ ಮಾಡುವಾಗ ಮನಸ್ಸಿಗೆ ಬೇರೆ ಯೋಚನೆಯೂ ಬಂತು, ಸುಳ್ಳೇಕೆ. ಒಂದು ಬೋಲ್ಟ್ ಅರೆಬರೆ ತಿರುಗಿಸಿ ಬಿಟ್ಟರೆ ಸಾಕಿತ್ತು. ಕೈ ತುರಿಸಿತು. ಆದರೆ ಸತ್ತುಹೋದರೆ ಬಾಯಿ ಬಿಡುವವರು ಯಾರು? ನನಗೆ ಬೇಕಿದ್ದದ್ದು ಅವನ ಬಾಯಿ. ಹಾಗಾಗಿ ಒಂದೊಂದು ಬೋಲ್ಟನ್ನೂ ಅಪ್ಪ ನೋಡುತ್ತಿದ್ದಾನೆ ಎಂಬಂತೆ ಕೂರಿಸಿದೆ. ಬೆಟ್ಟಕ್ಕೂ ಹೋಗಿ ಮೊದಲ ತಿರುವು ನೋಡಿ ಬಂದೆ. ಹೊರಮಗ್ಗುಲಿಗೆ ಉದ್ದಕ್ಕೂ ಹುಲ್ಲುಗಾವಲು, ಅದರಾಚೆ ಹಳೆಯ ಟೈರುಗಳ ಗೋಡೆ. ಬಿದ್ದರೆ ಮಾನಕ್ಕೆ ಪೆಟ್ಟು, ಮೈಗಲ್ಲ.

ಕೊನೆಯದು ಉಳಿದಿತ್ತು. ಆಕ್ಸಲ್ಲಿನ ತೋಳುಗಳಿಗೆ ಬೋಲ್ಟಿನ ಸುತ್ತ ಬುಷ್ ಎಂಬ ರಬ್ಬರಿನ ಬಳೆ ಇರುತ್ತದೆ. ಬೋಲ್ಟ್ ಬಿಗಿಯುವಾಗ ಕಾರು ಹೇಗೆ ನಿಂತಿರುತ್ತದೋ ಅದನ್ನೇ ರಬ್ಬರು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೇ ಅಪ್ಪನದು ಒಂದು ಕಟ್ಟುನಿಟ್ಟು: ಓಡಿಸುವವರನ್ನು ಸೀಟಿನಲ್ಲಿ ಕೂರಿಸದೆ ಆ ಬೋಲ್ಟಿಗೆ ಕೈ ಹಚ್ಚುತ್ತಿರಲಿಲ್ಲ. ಬೇರೆಯವರು ಮರಳಿನ ಚೀಲ ಇಡುತ್ತಿದ್ದರು. ಅಪ್ಪ, ಚೀಲ ಬ್ರೇಕ್ ಹಾಕುತ್ತದೇನು ಎಂದು ಗದರುತ್ತಿದ್ದ. ಅದೂ ರೇಸಿನ ಬೆಳಿಗ್ಗೆ, ಬೆಟ್ಟದ ಬುಡದಲ್ಲೇ. ಗ್ಯಾರೇಜಿನಲ್ಲಿ ಅದಕ್ಕೆ 'ಕೂರಿಸಿ ಬಿಗಿಯುವುದು' ಎನ್ನುತ್ತಿದ್ದೆವು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಬ್ರೆಡ್ಡಿನ ವಾಸನೆ ಹೊತ್ತುಕೊಂಡೇ ಬಂದಳು. ಕಾರು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಇದು ಇಲ್ಲಿಗೆ ಹೇಗೆ ಬಂತು?"

"ಒಳಗೆ ಕೂತ್ಕೋ. ಬೋಲ್ಟ್ ಬಿಗೀಬೇಕು."

"ಅವನು ಓಡಿಸೋ ಕಾರಿಗೆ ನಾನ್ಯಾಕೆ?"

"ಗೆದ್ದಾಗ ಹೇಗಿತ್ತೋ ಹಾಗೇ ಬೇಕಂತೆ. ಅವನೇ ಹೇಳಿದ್ದು."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. "ಅವನಿಗೆ ಏನಾದ್ರೂ ಆದ್ರೆ?"

"ಹುಲ್ಲು ಮೇಯ್ತಾನೆ, ಅಷ್ಟೇ."

ಅವಳು ಕೂತಳು. ಕೈ ತಾನಾಗಿಯೇ ಗೇರಿನ ಮೇಲೆ ಹೋಯಿತು. "ದಪ್ಪ ಆಗಿದೀನಿ ಕಣೇ, ಅವತ್ತಿನ ಹಾಗೇ ಆಗಲ್ಲ" ಎಂದು ನಕ್ಕಳು. ನಾನು ಅಡಿಯಲ್ಲಿ ನುಸುಳಿ ಬಿಗಿದೆ. ಮುಗಿಯಿತು ಎಂದು ಹೇಳಿದ ಮೇಲೂ ಅವಳು ಎಷ್ಟೋ ಹೊತ್ತು ಇಳಿಯಲಿಲ್ಲ. ನಾನು ಕಾರಿನಡಿಯಲ್ಲೇ ಮಲಗಿ ಅವಳ ಉಸಿರು ಕೇಳುತ್ತಿದ್ದೆ. ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಗೆದ್ದಲು ಕಾರು ಒಯ್ಯಲು ಬಂದಾಗ ಮೆಕ್ಯಾನಿಕ್ ಹೇಳಬೇಕಾದದ್ದನ್ನು ಹೇಳಿದೆ. "ಅಡ್ಡಪಟ್ಟಿ ತೆಗೆದಿದೀನಿ, ಅವತ್ತು ಅದು ಇರ್ಲಿಲ್ಲ. ತಿರುವಲ್ಲಿ ಕಾಲು ತೆಗೀಬೇಡಿ."

"ನನಗೇ ಪಾಠ ಹೇಳ್ಕೊಡ್ತೀಯಾ?" ಎಂದು ನಕ್ಕ. ಹಿಂದಿನ ಚಕ್ರಕ್ಕೆ ಶೂಸಿನಿಂದ ಒಮ್ಮೆ ತಟ್ಟಿ ಹತ್ತಿ ಕೂತ. ತನ್ನನ್ನು ಯಾವಾಗ ಕೂರಿಸಿ ಬಿಗಿಯುತ್ತೀಯ ಎಂದು ಕೇಳಲಿಲ್ಲ. ಕಾರು ಮರೆಯಾದ ಮೇಲೆ ನನಗೆ ಹೊಳೆಯಿತು: ಅವನಿಗೆ ಅದು ಗೊತ್ತೇ ಇಲ್ಲ. ಅಪ್ಪ ಆ ಬೋಲ್ಟ್ ಬಿಗಿಯುವಾಗ ಅವನು ಶೌಚಾಲಯದಲ್ಲಿದ್ದ. ಗ್ಯಾರೇಜಿನ ನಡುವೆ ನಿಂತು ಒಬ್ಬಳೇ ನಕ್ಕೆ.

ಕಾರ್ಯಕ್ರಮದ ದಿನ ನಾನು ಬೇಗನೆ ಹೋಗಿ ಮೊದಲ ತಿರುವಿನಲ್ಲಿ ಟಾರ್ಚ್ ತಾತನ ಪಕ್ಕ ನಿಂತೆ. ಆ ರೇಸಿನ ಕಾರುಗಳನ್ನೆಲ್ಲ ಮೊದಲಿನಿಂದ ತಪಾಸಣೆ ಮಾಡುತ್ತ ಬಂದವನು ಅವನು. ನಡುಹಗಲಲ್ಲೂ ಟಾರ್ಚ್ ಹಾಕಿ ಕಾರಿನ ಅಡಿ ನೋಡುತ್ತಾನೆ, ಅದಕ್ಕೇ ಆ ಹೆಸರು. ಸ್ವಲ್ಪ ಹೊತ್ತಿಗೆ ತಿರುವಿನ ಬಳಿಯ ತಿಂಡಿ ಅಂಗಡಿಯ ಪಕ್ಕ ಬ್ರೆಡ್ ವ್ಯಾನ್ ಬಂದು ನಿಂತಿತು.

"ಬರಲ್ಲ ಅಂದಿದ್ದೆ?" ಎಂದೆ.

"ಬ್ರೆಡ್ ಆರ್ಡರ್ ಇತ್ತು" ಎಂದಳು ಅಕ್ಕ, ಮುಖ ಗಂಟು ಹಾಕಿಕೊಂಡೇ.

ಮೈಕಿನಲ್ಲಿ ಗೆದ್ದಲಿನ ದನಿ ಕೇಳಿಸಿತು. ಅದೇ ಗ್ಯಾರೇಜು, ಅದೇ ಸ್ಪ್ರಿಂಗು, ತಾನು ಗೆದ್ದ ದಿನ ಇದ್ದ ಹಾಗೇ ಇದೆ ಕಾರು ಎಂದು ಸಾರಿದ. ಆಮೇಲೆ ಪುಕ್ಕಲಿ ಹೆಂಡತಿಯ ನಗೆಹನಿಯನ್ನೂ ಬಿಡಲಿಲ್ಲ. ಜನ ನಕ್ಕರು. ಅಕ್ಕ ಬ್ರೆಡ್ಡಿನ ಟ್ರೇಗಳನ್ನು ಇಳಿಸುತ್ತಲೇ ಇದ್ದಳು. ಮಾತಾಡು ಮಗನೇ, ಎಷ್ಟು ಬೇಕೋ ಅಷ್ಟು ಮಾತಾಡು ಎಂದುಕೊಂಡೆ.

ಕೆಂಪು ಕಾರು ಬಂತು. ತಿರುವಿನವರೆಗೆ ಚೆನ್ನಾಗಿಯೇ ಬಂತು. ಆಮೇಲೆ ಎಂಜಿನ್ನಿನ ಸದ್ದು ಥಟ್ಟನೆ ತಗ್ಗಿತು. ಕಾಲು ತೆಗೆದ! ಹಿಂಭಾಗ ಎದ್ದಿತು, ಚಕ್ರ ಮಡಚಿತು, ಕಾರು ಗಿರಗಿರನೆ ಸುತ್ತುತ್ತ ಹುಲ್ಲಿಗೆ ಜಾರಿ, ಟೈರುಗಳನ್ನು ತಾಕುವ ಮೊದಲೇ ಬಂದ ದಾರಿಗೆ ಮುಖ ಮಾಡಿ ನಿಂತಿತು. ಜನ ಅತ್ತ ಓಡಿದರು. ನಾನೂ ತಾತನೂ ಹೋದೆವು.

ಗೆದ್ದಲು ಇಳಿದು ಬಂದ. ಮುಖದಲ್ಲಿ ರಕ್ತದ ಹನಿಯಿರಲಿಲ್ಲ. ನನ್ನನ್ನು ಕಂಡದ್ದೇ ಬೆಂಕಿಯಾದ. "ಇವಳೇ! ಇವಳೇ ಕೆಡಿಸಿದ್ದು! ನನ್ನ ಕೊಲ್ಲೋಕೆ ಮಾಡಿದಾಳೆ!"

ಟಾರ್ಚ್ ತಾತ ಹುಲ್ಲಿನ ಮೇಲೆ ಮಲಗಿ ಅಡಿಯೆಲ್ಲ ಬೆಳಕು ಬಿಟ್ಟು ನೋಡಿದ. ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ. ಎದ್ದು ಮೊಣಕಾಲು ಕೊಡವಿಕೊಂಡ.

"ಎಲ್ಲ ಸರಿಯಾಗಿದೆಯಪ್ಪ. ಇವಳ ಅಪ್ಪ ಮಾಡಿದ ಹಾಗೇ ಇದೆ. ನಿನ್ನ ಕೂರಿಸಿ ಬಿಗಿದಿದಾರೆ ತಾನೇ?"

"ಏನು ಕೂರಿಸೋದು?"

"ಸೀಟಲ್ಲಿ ನಿನ್ನ ಕೂರಿಸ್ಕೊಂಡು ಹಿಂದಿನ ಬೋಲ್ಟ್ ಬಿಗಿಯೋದು. ಅವತ್ತು ಮಾಡಿದ ಹಾಗೆ."

"ಯಾರೂ ಕೂರಿಸ್ಲಿಲ್ಲ! ನನ್ನ ಯಾಕೆ ಕೂರಿಸ್ತಾರೆ? ಅವತ್ತೂ ನನ್ನ ಯಾರೂ ಕೂರಿಸಿರ್ಲಿಲ್ಲ!"

ತಾತ ಟಾರ್ಚ್ ಆರಿಸಿದ. "ಅವತ್ತು ಟಾರ್ಚ್ ಹಿಡಿದು ಬೆಳಕು ಬಿಟ್ಟವನು ನಾನೇ. ಹೆಲ್ಮೆಟ್ ಹಾಕ್ಕೊಂಡು ಒಬ್ಬರು ಸೀಟಲ್ಲಿ ಕೂತಿದ್ರು. ಅದು ನೀನಲ್ಲ ಅಂದ್ರೆ ಮತ್ತೆ ಯಾರು?"

ಗೆದ್ದಲು ಸುತ್ತ ನೋಡಿದ. ಬ್ರೆಡ್ ವ್ಯಾನ್ ಕಣ್ಣಿಗೆ ಬಿತ್ತು. ಅದಕ್ಕೆ ಒರಗಿ ನಿಂತಿದ್ದ ಅಕ್ಕನೂ ಕಂಡಳು. ಹೆದರಿಕೆಯ ಮೇಲೆ ಸಿಟ್ಟು, ಸಿಟ್ಟಿನ ಮೇಲೆ ಅವಮಾನ, ನಾಲಿಗೆ ಹಿಡಿತ ತಪ್ಪಿತು. "ಇದು ಅವಳ ಕಾರು! ಹೀಗಿದ್ರೆ ಅವಳೊಬ್ಬಳಿಗೇ ಓಡಿಸೋಕೆ ಬರೋದು! ಅವತ್ತೂ ಅವಳೇ..."

ಅಲ್ಲಿಗೆ ತಡೆದುಕೊಂಡ. ತಡವಾಗಿತ್ತು. ಯಾರೂ ನಗಲಿಲ್ಲ. ಮೈಕ್ ಹಿಡಿದು ಓಡಿ ಬಂದಿದ್ದವನು ಅದನ್ನು ಆರಿಸುವುದನ್ನೇ ಮರೆತಿದ್ದ. 'ಅವಳೇ' ಎಂಬುದು ಬೆಟ್ಟದ ಬುಡದವರೆಗೂ ಕೇಳಿಸಿತ್ತು.

ಟಾರ್ಚ್ ತಾತ ಅವನ ಮುಂದೆ ಅಂಗೈ ಚಾಚಿದ. ಗೆದ್ದಲು ಕೀಲಿ ಕೊಟ್ಟ. ತಾತ ಅದನ್ನು ಅಕ್ಕನ ಕೈಗಿಟ್ಟು, "ಹೋಗಿ ಬಾಮ್ಮ, ನಾನು ನೋಡ್ಬೇಕು" ಎಂದ.

ಅಕ್ಕ ಏಪ್ರನ್ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದಳು. ಅದರ ತುಂಬ ಹಿಟ್ಟು. ಅವನ ಹೊಟ್ಟೆಗೆಂದು ಹಿಂದೆ ಸರಿದಿದ್ದ ಸೀಟನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ನಾನು ಬೇಕೆಂದೇ ಗೆದ್ದಲಿನ ಪಕ್ಕ ಹೋಗಿ ನಿಂತೆ.

ಕಾರು ಕೆಳಗಿನಿಂದ ಮತ್ತೆ ಹೊರಟಿತು. ಸದ್ದು ಏರುತ್ತ ಏರುತ್ತ ಹತ್ತಿರ ಬಂತು. ತಿರುವು ಬಂದರೂ ತಗ್ಗಲಿಲ್ಲ, ಹಾಗೇ ದಾಟಿ ಮೇಲಕ್ಕೆ ಹೋಯಿತು. ಸುತ್ತಲಿದ್ದವರೆಲ್ಲ ಒಟ್ಟಿಗೇ ಕೂಗಿದರು. ಅಕ್ಕ ಹೇಗೆ ಹೋದಳು ಎಂದು ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ನಾನು ತಿರುವಿನ ಕಡೆ ತಿರುಗಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ.