ಸೊನ್ನೆ ಎಂದವರ ನೋವು

ಹಿಡಿ ಮಣ್ಣು ಹಾಕಿದ ಮೇಲೂ ಕ್ಲೆಮ್ ಹೆಂಡತಿಯ ಗುಂಡಿಯ ಅಂಚಿನಿಂದ ಕದಲಲಿಲ್ಲ. ಹಿಂದಿದ್ದವರೆಲ್ಲ ಬಿಸಿಲಿನಲ್ಲಿ ಕಾಯಬೇಕಾಯಿತು. ಕೊನೆಗೆ ಸತ್ತ ವಾಲ್ಡಾಳ ತಮ್ಮ ರೆಕ್ಸ್ ಬಂದು ತೋಳು ಹಿಡಿದ.

"ಬಾ ಭಾವ. ಪಾದ್ರಿಗೂ ಹಸಿವಾಗಿರತ್ತೆ."

ವಾಲ್ಡಾ ನರ್ಸ್ ಆಗಿದ್ದವಳು. ಕೊನೆಯ ವರ್ಷಗಳಲ್ಲಿ ಅವಳ ಕೆಲಸ ಬೇರೆಯಿತ್ತು. ಕೊಲ್ಲಿಯ ದಂಡೆಯ ಊರುಗಳಲ್ಲಿ ಸಾವಿನ ಹೊಸ್ತಿಲಲ್ಲಿರುವವರ ಆರೈಕೆ ಮನೆಗಳಿಗೆ ಹೋಗಿ, ರೋಗಿಗಳ ನೋವನ್ನು ಅಲ್ಲಿನವರು ಸರಿಯಾಗಿ ಕೇಳಿ ತಿಳಿಯುತ್ತಾರೆಯೇ ಎಂದು ಪರೀಕ್ಷಿಸಿ ಅಂಕ ಕೊಡುವುದು. ಅವಳ ಕಾರು ಕಂಡರೆ ನರ್ಸುಗಳು ಮುಖ ಗಂಟಿಕ್ಕುತ್ತಿದ್ದರು.

ಬೌಲಿಂಗ್ ಕ್ಲಬ್ಬಿನ ಸಭಾಂಗಣದಲ್ಲಿ ಚಹಾ, ಸ್ಯಾಂಡ್‌ವಿಚ್, ಸಾಸೇಜ್ ರೋಲ್ ಇಟ್ಟಿದ್ದರು. ಬಾಗಿಲಲ್ಲಿ ನರ್ಸ್ ನೊರೀನ್ ಕಾಣಿಸಿದಾಗ ಇಬ್ಬರು ಹೆಂಗಸರು ಮಾತು ತಗ್ಗಿಸಿದರು.

"ಇವಳೂ ಬಂದ್ಳಾ? ವಾಲ್ಡಾನಿಂದಲೇ ಅಲ್ವಾ ಇವಳ ಹುದ್ದೆ ಹೋಗಿದ್ದು?"

"ಕೊನೇವರೆಗೂ ನೋಡ್ಕೊಂಡಿದ್ದು ಇವಳೇ ಕಣೇ. ಇವಳೇ ಬೇಕು ಅಂತ ವಾಲ್ಡಾ ಹಟ ಹಿಡಿದಿದ್ಳಂತೆ."

"ಅಯ್ಯೋ, ವಾಲ್ಡಾಗೆ ಬೇಜಾರು ಮಾಡ್ಕೊಳ್ಳೋಕೂ ಬರ್ತಿರ್ಲಿಲ್ಲ ಬಿಡು."

* * *

ವಾಲ್ಡಾ ಪರೀಕ್ಷೆಗೆ ಬಂದಾಗ ನೊರೀನ್ ಊರಿನ ಆರೈಕೆ ಮನೆಯ ಮುಖ್ಯಸ್ಥೆ. ಪ್ರತಿ ಪಾಳಿಯಲ್ಲೂ ನರ್ಸುಗಳು ರೋಗಿಗಳೆಲ್ಲರನ್ನೂ ಕೇಳಿದ್ದರು: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಟ್ಯೂನಾ ಮೀನಿನ ದೋಣಿಯಲ್ಲಿ ದುಡಿದು ಮುದುಕನಾದ ಮಾಟೆ ಪ್ರತಿ ಸಲವೂ ಸೊನ್ನೆ ಎಂದಿದ್ದ. ವಾಲ್ಡಾ ಅವನ ಮಂಚದ ಅಂಚಿಗೆ ಕೂತು ಬೇರೆಯದನ್ನೇ ಕೇಳಿದಳು.

"ಹೋದ ತಿಂಗಳು ಮಾಡ್ತಿದ್ದು, ಈಗ ಬಿಟ್ಟಿರೋದು ಏನಾದ್ರೂ ಇದೆಯಾ?"

"ಕಿಟಕಿ ಕಡೆ ಹೊರಳೋದು. ಅಲ್ಲಿಂದ ದೋಣಿ ಕಾಣತ್ತೆ."

"ಯಾಕೆ ಬಿಟ್ಟೆ?"

"ಹೊರಳಿದ್ರೆ ಸೊಂಟ ಸಿಗಿದ ಹಾಗಾಗತ್ತೆ."

"ಮತ್ತೆ ಸೊನ್ನೆ ಅಂದ್ಯಲ್ಲ ಮಾರಾಯ?"

"ಅವರು ಕೇಳಿದಾಗ ನಾನು ಅಲ್ಲಾಡದೆ ಮಲಗಿದ್ದೆ."

ಹೊರಗೆ ನೊರೀನ್ ಅಡ್ಡಗಟ್ಟಿದಳು. "ನಾವು ಕೇಳಿಲ್ಲ ಅಂತೀಯಾ?"

"ಕೇಳಿದೀರಿ. ಉತ್ತರ ಸಿಕ್ಕ ಕೂಡ್ಲೇ ಎದ್ದು ಹೋಗಿದೀರಿ."

ಅಂಕ ಕಡಿಮೆ ಬಂತು. ಚಳಿಗಾಲದೊಳಗೆ ನೊರೀನ್‌ಳ ಜಾಗಕ್ಕೆ ಬೇರೆಯವರು ಬಂದರು, ಅವಳು ಮತ್ತೆ ಪಾಳಿ ನರ್ಸ್ ಆದಳು. ಊರು ಅವಳ ಪರವಾಗಿತ್ತು. ಅಂಗಡಿಯಲ್ಲಿ ವಾಲ್ಡಾ ಎದುರಾದರೆ ನೊರೀನ್ ಸಾಮಾನು ಬಿಟ್ಟು ಹೊರಗೆ ಹೋಗುತ್ತಿದ್ದಳು.

* * *

ಕ್ಲೆಮ್ ಚಹಾದ ಮೇಜಿನ ಬಳಿ ಬಂದ. ಕೈಯಲ್ಲಿ ಸಾಸೇಜ್ ರೋಲ್ ಇತ್ತು, ಕಚ್ಚಿರಲಿಲ್ಲ.

"ನೊರೀನ್, ಎಲ್ಲರೂ ನೆಮ್ಮದಿಯಾಗಿ ಹೋದ್ಳು ಅಂತಿದಾರೆ. ನೀನು ಸಮಾಧಾನಕ್ಕೆ ಹೇಳ್ಬೇಡ. ಅವಳಿಗೆ ನೋವಿತ್ತಾ?"

ನೊರೀನ್ ಕಪ್ಪು ಕೆಳಗಿಟ್ಟಳು. "ಕೊನೇ ದಿನ ಇರ್ಲಿಲ್ಲ. ಅದರ ಹಿಂದಿನ ದಿನ ಇತ್ತು. ತುಂಬಾ ಇತ್ತು."

"ಆವತ್ತು ನಾನು ಅಲ್ಲೇ ಇದ್ದೆ. ರೆಕ್ಸ್ ಬಂದಿದ್ದ. ಅವಳು ನಗ್ತಾ ಇದ್ಳು."

"ಹೌದು. ನಗ್ತಾ ಇದ್ಳು."

* * *

ರೆಕ್ಸ್ ದೂರದ ಡಾರ್ವಿನ್ ನಗರದಿಂದ ಬರುವ ದಿನ ಬೆಳಿಗ್ಗೆ ನೊರೀನ್ ಎಂದಿನಂತೆ ಕೇಳಿದ್ದಳು.

"ಎಷ್ಟು?"

"ಸೊನ್ನೆ."

ನೊರೀನ್ ಹೋಗಲಿಲ್ಲ. "ನೀರು ಕುಡಿಯೋಕೂ ತಲೆ ಎತ್ತಿಲ್ಲ ನೀನು. ಹಣೆ ತುಂಬ ಬೆವರು. ಯಾರ ಕಿವಿಗೆ ಹೂ ಇಡ್ತೀಯ?"

ವಾಲ್ಡಾ ಕಣ್ಣು ಮುಚ್ಚಿದಳು. "ಎಂಟು. ಮಾರ್ಫಿನ್ ಹೆಚ್ಚು ಮಾಡಿದ್ರೆ ಮಲಗಿಬಿಡ್ತೀನಿ. ಮಧ್ಯಾಹ್ನ ರೆಕ್ಸ್ ಬರ್ತಾನೆ. ಇನ್ನೊಂದ್ಸಲ ಎದ್ದೇಳ್ತೀನಿ ಅಂತ ನೀನು ಮಾತು ಕೊಡ್ತೀಯಾ?"

ನೊರೀನ್ ಮಾತು ಕೊಡಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಬಂದಳು. "ಎಚ್ಚರ ತಪ್ಪದಷ್ಟು ಕೊಡ್ತೀನಿ. ನೋವು ಆರಕ್ಕೆ ಇಳಿದ್ರೆ ಪುಣ್ಯ."

"ಸಾಕು. ಕ್ಲೆಮ್‌ಗೆ ಮಾತ್ರ ಹೇಳ್ಬೇಡ, ತಡ್ಕೊಳ್ಳಲ್ಲ. ಆದ್ರೆ ಎಂಟು ಅಂತಾನೇ ಬರಿ. ಸೊನ್ನೆ ಅಂತ ಬರೆದ್ರೆ ನಿನ್ನ ಬಿಡಲ್ಲ."

"ಗೊತ್ತು ತಾಯಿ. ಹೋದ್ಸಲವೂ ಬಿಟ್ಟಿರ್ಲಿಲ್ಲ."

ಇಬ್ಬರೂ ನಕ್ಕರು. ವಾಲ್ಡಾಳ ನಗು ಅರ್ಧಕ್ಕೆ ನಿಂತಿತು. ಉಸಿರು ಮರಳುವವರೆಗೆ ನೊರೀನ್ ಅವಳ ಬೆನ್ನಿಗೆ ಕೈ ಆನಿಸಿಕೊಂಡು ಕೂತಳು.

ಸಂಜೆ ಕ್ಲೆಮ್ ಮತ್ತು ರೆಕ್ಸ್ ಊಟಕ್ಕೆಂದು ಹೊರಗೆ ಕಾಲಿಟ್ಟದ್ದೇ ತಡ, ವಾಲ್ಡಾ ನೊರೀನ್‌ಳ ಮಣಿಕಟ್ಟು ಹಿಡಿದಳು.

"ಈಗ ಕೊಡು."

* * *

"ನನಗೆ ಹೇಳ್ಬೇಕಿತ್ತು ನೀನು," ಎಂದ ಕ್ಲೆಮ್. ದನಿ ಏರಿದ್ದಕ್ಕೆ ಒಂದಿಬ್ಬರು ತಿರುಗಿ ನೋಡಿದರು.

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ಗಂಟೆ ಒತ್ತಿರ್ತಿದ್ದೆ. ಇನ್ನಷ್ಟು ಔಷಧಿ ಕೊಡಿ ಅಂತ ಕೂಗಾಡ್ತಿದ್ದೆ."

"ಅದಕ್ಕೇ."

ಕಿಟಕಿಯ ಬಳಿಯ ಬೆಂಚಿನಲ್ಲಿ ರೆಕ್ಸ್ ಸುತ್ತಲಿದ್ದವರಿಗೆ ಕತೆ ಹೇಳುತ್ತಿದ್ದ. ಅಕ್ಕ ತಮ್ಮ ಅಪ್ಪನ ದೋಣಿ ಕದ್ದು ಹೋಗಿದ್ದರಂತೆ. ವಾಲ್ಡಾ ಲಂಗರು ಎತ್ತಿ ಎಸೆದಳಂತೆ, ಹಗ್ಗ ಕಟ್ಟದೆಯೇ.

"ಆವತ್ತು ಇದನ್ನೇ ಹೇಳಿದ್ದು ನಾನು. ನಗು ತಡೆಯೋಕಾಗದೆ ಮಂಚದ ಸರಳು ಗಟ್ಟಿಯಾಗಿ ಹಿಡ್ಕೊಂಡ್ಳು ನೋಡಿ!"

ಎಲ್ಲರೂ ಗೊಳ್ಳೆಂದರು. ಕ್ಲೆಮ್ ಜನರನ್ನು ಸರಿಸಿಕೊಂಡು ಹೋಗಿ ರೆಕ್ಸ್‌ನ ಮಗ್ಗುಲಿಗೆ ಕೂತ. ನಗು ತಟ್ಟನೆ ನಿಂತುಬಿಟ್ಟಿತು. ರೆಕ್ಸ್ ತಪ್ಪು ಮಾಡಿದವನಂತೆ ಎದ್ದು ನಿಲ್ಲಲು ಹೋದ. ಕ್ಲೆಮ್ ಅವನ ಕೋಟು ಹಿಡಿದು ಎಳೆದು ಕೂರಿಸಿದ.

"ಮೊದಲಿಂದ ಹೇಳು. ನಿಧಾನಕ್ಕೆ ಹೇಳು."

ರೆಕ್ಸ್ ಶುರುಮಾಡಿದ. ಮುಷ್ಟಿಯಲ್ಲಿ ಹಿಚುಕಿಹೋದ ರೋಲಿನಿಂದ ಕೆಂಪು ಸಾಸು ಕ್ಲೆಮ್‌ನ ಬಿಳಿ ಅಂಗಿಯ ತೋಳಿನೊಳಕ್ಕೆ ಇಳಿಯುತ್ತಿತ್ತು. ಅವನು ರೆಕ್ಸ್‌ನ ಬಾಯನ್ನೇ ನೋಡುತ್ತಿದ್ದ.