ಕಾಂಡ್ಲಕೇರಿಯ ಅರ್ಧರ್ಧ ಚೀಟಿ

ಕಾಂಡ್ಲಕೇರಿಯ ಕಡವಿನಲ್ಲಿ ದೋಣಿ ಇಳಿಯುವ ಹೆಂಗಸರು ಮೊದಲು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು, ಆಮೇಲೆ ಪಂಚಾಯತಿಗೆ ಬಾಯಿ ತುಂಬ ಬೈಯುತ್ತಿದ್ದರು. ಬೈಗುಳ ಮುಗಿಯುವಷ್ಟರಲ್ಲಿ ಮೊಣಕಾಲಿನವರೆಗೆ ಕೆಸರು. ಹಂಗಾರಕಟ್ಟೆಯ ಹತ್ತಿರದ ಈ ಹೊಳೆಯಂಚಿನ ಕೇರಿಯಲ್ಲಿ ಇದು ದಿನದ ಪಾಡು. ಇಳಿಯಲು ನಾಲ್ಕು ಕಲ್ಲಿನ ಮೆಟ್ಟಿಲಿಲ್ಲ, ನಡೆಯಲು ನೆಟ್ಟಗಿನ ದಾರಿಯಿಲ್ಲ. ಸ್ವಾತಂತ್ರ್ಯ ಬಂದು ವರ್ಷ ಕಳೆದಿತ್ತು. ಅದು ಈ ಕೆಸರು ದಾಟಿ ಬಂದ ಹಾಗೆ ಯಾರಿಗೂ ಕಾಣಲಿಲ್ಲ.

ಮೀನು ಮಾರುವ ಜಲಜಳಿಗೆ ಮಾತ್ರ ಬೈಯುವುದಕ್ಕಿಂತ ಕೇಳುವುದರಲ್ಲೇ ಆಸಕ್ತಿ. ಕೋಟಕ್ಕೆ ಬುಟ್ಟಿ ಹೊತ್ತು ಹೋದವಳು ಇದ್ದಲಿನ ಬಸ್ಸು ಕಂಡರೆ, ಇದ್ದಲು ತಿಂದು ಇದು ಹೇಗೆ ಓಡುತ್ತದೆ ಎಂದು ಡ್ರೈವರನ ತಲೆ ತಿನ್ನುತ್ತಿದ್ದಳು. ಅವಳ ಗಂಡ ಕರಿಯ ಕಡವಿನ ದೋಣಿ ನಡೆಸುವವನು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದ.

ಆ ಮಳೆಗಾಲದಲ್ಲಿ ದಡ ಕುಸಿದು ಜಲಜಳ ಹಿತ್ತಲಿನ ಎರಡು ತೆಂಗಿನ ಮರಗಳು ಹೊಳೆಗೆ ಹೋದವು. ಹೊಳೆಗೂ ಅವಳ ಅಡುಗೆಮನೆಗೂ ನಡುವೆ ಈಗ ಉಳಿದದ್ದು ಎಂಟೇ ಮಾರು ನೆಲ. ಹಿಂದೆ ಹೀಗಾಗುತ್ತಿರಲಿಲ್ಲ. ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಕಾಂಡ್ಲ ಗಿಡಗಳು ದಡವನ್ನು ಬಿಗಿಹಿಡಿದಿದ್ದವು. ಆ ಬೇರಿನ ಸಂದಿಯಲ್ಲೇ ಸಿಗಡಿ, ಏಡಿ ಮರಿ ಮಾಡುತ್ತಿದ್ದವು. ಪಂಚಾಯತಿ ಅರ್ಧ ಕಾಂಡ್ಲವನ್ನು ಸೌದೆಗೆಂದು ಏಲಂ ಹಾಕಿತ್ತು. ಉಳಿದರ್ಧವೂ ಏಲಂ ಆಗುತ್ತದೆಂದು ಸುದ್ದಿ ಬಂದ ದಿನ ಜಲಜ ಹಿತ್ತಲಿಗೆ ಹೋಗಿ ಆ ಎಂಟು ಮಾರನ್ನು ಮತ್ತೊಮ್ಮೆ ಅಳೆದಳು. ಹೊಳೆಯ ಪಾಲಾಗಲಿದ್ದದ್ದು ಅವಳ ತಾಯಿ ಕಟ್ಟಿಸಿದ ಮನೆ.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಶಾಲೆಯ ಪದ್ಮಾಕ್ಷಿ ಟೀಚರು ಕೂತಿದ್ದರು. ಸಾಲಿಗ್ರಾಮದ ಕಡೆಯವರು, ಆಚೆ ದಡದ ಶಾಲೆಗೆ ದಿನವೂ ಕರಿಯನ ದೋಣಿಯಲ್ಲೇ ಹೋಗುವವರು. ಜಲಜ ಬುಟ್ಟಿ ಇಳಿಸಿ ಅವರ ಎದುರೇ ಕೂತಳು.

“ಅಮ್ಮ, ಈ ಪಂಚಾಯ್ತಿ ದುಡ್ಡ್ ಯಾರ್ದ್?”

“ನಿಂದೇ. ನೀನ್ ಕಟ್ಟು ಮನಿ ತೆರಿಗಿ ಅಲ್ದಾ ಅದ್?” ಎಂದರು ಟೀಚರು.

“ನಂದಾ! ಹಾಂಗಾರೆ ಆಫೀಸಿನ್ ಎದ್ರ್ ಮೂರ್ ದೀಪದ ಕಂಬ ಹಾಕ್ದ್ದ್ ನನ್ನ್ ಹತ್ರ ಕೇಂಡ್ಕಂಡಾ?”

“ನಿನ್ನ್ ಹತ್ರ ಕೇಂಬುಕೇ ಚುನಾವಣೆ ಇಪ್ಪುದ್, ಜಲಜ.”

“ಹೋದ್ ಸಲ ಕೇರಿಯರೆಲ್ಲ ಹೋಯಿ ಓಟ್ ಹಾಕಿ ಬಂದಿತ್ತಲೆ? ಆ ಓಟೆಲ್ಲ ಎಲ್ಲಿಗ್ ಹೋಯ್ತ್?”

ಟೀಚರಿಗೆ ನಗು ಬಂತು, ತಡೆದುಕೊಂಡರು. ಹೋದ ಸಲ ಎಣಿಕೆಯ ಕೆಲಸಕ್ಕೆ ಅವರನ್ನೂ ಹಾಕಿದ್ದರು. ನಿಂತವರು ಇಬ್ಬರು, ಪೆಟ್ಟಿಗೆ ಎರಡು. ಕೇರಿಯವರು ಒಡೆಯರೆಂದು ಕರೆಯುವ ದಾಮೋದರಯ್ಯನವರದು ಕೆಂಪು, ಭೋಜರಾಜನದು ಹಸಿರು. ಮತದ ಚೀಟಿಯನ್ನು ಬೇಕಾದವರ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು.

“ನಿಮ್ಮ್ ಕೇರಿಯದ್ದ್ ನಲ್ವತ್ತೆಂಟ್ ಚೀಟಿ,” ಎಂದರು ಟೀಚರು. “ಎಲ್ಲ ಮಧ್ಯಕ್ಕೆ ಹರ್ದದ್ದ್. ಅರ್ಧ ಕೆಂಪ್ ಪೆಟ್ಟಿಗಿಯಗೆ, ಅರ್ಧ ಹಸ್ರ್ ಪೆಟ್ಟಿಗಿಯಗೆ. ಒಂದೂ ಲೆಕ್ಕಕ್ಕೆ ಬರ್ಲಿಲ್ಲೆ.”

ದೋಣಿ ತಳ್ಳುವ ಕರಿಯನ ಕೈಯ ಜಲ್ಲೆ ನೀರಿನಲ್ಲೇ ನಿಂತಿತು. “ಅದ್ ನಾನೇ ಹೇಳಿ ಕಳ್ಸ್ದ್ದ್,” ಎಂದ. “ಗಾಳಿಗ್ ಮನಿ ಸೋಗಿ ಮಾಡ್ ಹಾರಿ ಹೋದಾಗ ಒಡೆಯರ್ ಬಿದಿರ್ ಕೊಟ್ಟಿರ್. ಜ್ವರ ಬಂದಾಗ ಭೋಜರಾಜ ಮದ್ದ್ ಕೊಟ್ಟಿದ. ಇಬ್ರಿಗೂ ಸಮಾ ಪಾಲ್ ಕೊಡುದ್ ನ್ಯಾಯ ಅಲ್ದಾ?”

ನಗಬೇಡಿ. ಬಲೆಗೆ ಬಿದ್ದ ಮೀನನ್ನು ದೋಣಿಯವನಿಗಿಷ್ಟು, ಬಲೆಯವನಿಗಿಷ್ಟು, ಎಳೆದವನಿಗಿಷ್ಟು ಎಂದು ಪಾಲು ಮಾಡಿ ಬದುಕುವ ಜನ. ಪಾಲು ತಪ್ಪಿಸಿದವನನ್ನು ಅಲ್ಲಿ ಮನುಷ್ಯನೆಂದೇ ಎಣಿಸುವುದಿಲ್ಲ. ಆ ಒಳ್ಳೆಯ ಬುದ್ಧಿಯೇ ನಲವತ್ತೆಂಟು ಮತವನ್ನು ನೀರಿಗೆ ಹಾಕಿತ್ತು. ಗೆದ್ದ ದಾಮೋದರಯ್ಯನವರು ಕೇರಿಯ ಕಡೆ ತಲೆ ಹಾಕಲಿಲ್ಲವೆಂದರೆ ಯಾರನ್ನು ದೂರುವುದು? ಕೇರಿಯ ಮತವೇ ಅವರಿಗೆ ಬೇಕಾಗಿರಲಿಲ್ಲ.

“ಈಗ ಬಪ್ಪ ಚುನಾವಣೆಗೆ ನಮ್ಮರೇ ಒಬ್ರ್ ನಿಂತ್ರೆ?” ಎಂದಳು ಜಲಜ. ಗಂಡನ ಕಡೆ ಕೈ ತೋರಿಸಿದಳು. “ಇವ್ರ್ ನಿಲ್ಲಲಿ.”

“ತೆರಿಗಿ ಕಟ್ಟುವರ ಪಟ್ಟಿಯಗೆ ಹೆಸ್ರ್ ಇದ್ದರ್ ಮಾತ್ರ ನಿಲ್ಲಲಕ್ಕ್,” ಎಂದರು ಟೀಚರು. “ತೆರಿಗಿ ಚೀಟಿ ಯಾರ್ ಹೆಸ್ರಂಗಿತ್ತ್?”

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅಳಿಯಕಟ್ಟಿನ ಜನರಲ್ಲಿ ಮನೆ ಹೋಗುವುದು ತಾಯಿಯಿಂದ ಮಗಳಿಗೆ. “ಅಬ್ಬಿ ಮನಿ. ನನ್ನ್ ಹೆಸ್ರಂಗೇ ಇತ್ತ್,” ಎಂದಳು ಜಲಜ.

“ಹಾಂಗಾರೆ ನಿಲ್ಕಾದ್ದ್ ನೀನೇ.”

“ಹೆಂಗ್ಸ್ ನಿಂಬುದಾ!” ಕರಿಯ ಗಾಬರಿಯಾದ. “ಊರಿಗ್ ಊರೇ ನೆಗಾಡತ್ತ್. ಬ್ಯಾಡ ಮಾರಾಯ್ತಿ.”

“ನೆಗಾಡ್ರೆ ಎಂತ ಆತ್ತ್? ಹೊಳಿ ನೆಗಾಡ್ಕಂಡ್ ಮನಿ ಒಳ್ಗೆ ಬಂದ್ರೆ ಎಂತ ಮಾಡ್ತ್ರಿ?”

ಕರಿಯ ಜಲ್ಲೆ ಊರಿ ದೋಣಿಯನ್ನು ಮುಂದೆ ತಳ್ಳಿದ. ಒಪ್ಪಲಿಲ್ಲ. ಮೂರು ದಿನ ಮುಖ ಊದಿಸಿಕೊಂಡೇ ದೋಣಿ ನಡೆಸಿದ. ಜಲಜ ಮಾತ್ರ ಟೀಚರ ಜೊತೆ ಹೋಗಿ ಹೆಸರು ಕೊಟ್ಟು ಬಂದಳು. ಅವಳಿಗೆ ನೀಲಿ ಪೆಟ್ಟಿಗೆ ಸಿಕ್ಕಿತು. ಭೋಜರಾಜ ಈ ಸಲ ನಿಂತಿರಲಿಲ್ಲ. ಎದುರಿಗಿದ್ದವರು ಕೆಂಪು ಪೆಟ್ಟಿಗೆಯ ದಾಮೋದರಯ್ಯ ಒಬ್ಬರೇ.

ಮನೆಮನೆಗೆ ಹೋಗುವ ಕೆಲಸ ಪಕ್ಕದ ಮನೆಯ ಸರಸಕ್ಕನಿಂದಲೇ ಶುರುವಾಯಿತು. ಅಂಗಳದಲ್ಲಿ ಬಲೆ ಹರಡಿ ತೂತು ಹೊಲಿಯುತ್ತಿದ್ದ ಸರಸಕ್ಕ ಕತ್ತೆತ್ತದೆ ಹೇಳಿದಳು: “ನೀನೂ ನಮ್ಮಳೇ, ಒಡೆಯರೂ ಬೇಕಾದವ್ರೇ. ಅರ್ಧ ನಿಂಗೆ, ಅರ್ಧ ಅವ್ರಿಗೆ. ಯಾರಿಗೂ ಬೇಜಾರ್ ಬ್ಯಾಡ.”

ಜಲಜ ಬಲೆಯ ಒಂದು ತುದಿ ಕೈಗೆತ್ತಿಕೊಂಡಳು. “ಸರಸಕ್ಕ, ಕತ್ತಿ ಕೊಡ್. ಈ ಬಲಿ ಮಧ್ಯಕ್ಕೆ ಕೊಯ್ದ್ ಅರ್ಧ ನಾ ತಕಂಡ್ ಹೋತೆ.”

“ಮರ್ಲಾ ನಿಂಗೆ? ಕೊಯ್ದ್ ಬಲಿಗೆ ಮೀನ್ ಬೀಳತ್ತಾ?”

“ಮೀನ್ ಪಾಲ್ ಮಾಡ್ತ್ರಲೆ?”

“ಮೀನ್ ಬೇರೆ, ಬಲಿ ಬೇರೆ!”

“ಓಟ್ ಅಂದ್ರೆ ಬಲಿ, ಸರಸಕ್ಕ. ಅದ್ ಇಡಿ ಇರ್ಕ್. ಮೆಟ್ಲ್, ದಾರಿ, ಕಾಂಡ್ಲ ಇದೆಲ್ಲ ಮೀನ್. ಸಿಕ್ದ್ ಮೇಲೆ ಎಲ್ಲರೂ ಪಾಲ್ ಮಾಡ್ಕಂಬ. ಒಡೆಯರಿಗೂ ಬಪ್ಪ ಪಾಲ್ ಬತ್ತ್.”

ಸರಸಕ್ಕನ ಸೂಜಿ ನಿಂತಿತು. “ನಾ ಯಾರಿಗ್ ಹಾಕ್ದೆ ಅಂದೇಳಿ ಒಡೆಯರಿಗ್ ಗೊತ್ತಾತಿಲ್ಯಾ?”

“ಪೆಟ್ಟಿಗಿ ಇಪ್ಪುದ್ ಪರದಿ ಹಿಂದೆ. ಅಲ್ಲಿ ನೀನೊಬ್ಳೇ. ಕೆಂಪಿಗ್ ಹಾಕು ಮನಸ್ಸಿದ್ರೆ ಕೆಂಪಿಗೇ ಹಾಕ್. ಹರೀಬೇಡ, ಅಷ್ಟೇ.”

ಆ ಕೊನೆಯ ಮಾತು ಬೇಲಿಯಾಚೆ ನಿಂತಿದ್ದ ಕರಿಯನ ಕಿವಿಗೆ ಬಿತ್ತು. ತನಗೇ ಹಾಕಿ ಎಂದು ಕೈಮುಗಿಯುವವರನ್ನು ಅವನು ಕಂಡಿದ್ದ. ಬೇಕಾದವರಿಗೆ ಹಾಕಿ, ಆದರೆ ಸರಿಯಾಗಿ ಹಾಕಿ ಎನ್ನುವವರನ್ನು ಕಂಡಿರಲಿಲ್ಲ. ತನ್ನ ಹೆಂಡತಿಯ ಮೇಲೆ ಅವನಿಗೆ ಒಮ್ಮೆಲೇ ಹೆಮ್ಮೆಯಾಯಿತು. ಮರುದಿನದಿಂದ ದೋಣಿ ಹತ್ತಿದವರಿಗೆಲ್ಲ ಕರಿಯನದೇ ಪಾಠ. “ಹ್ವಾಯ್, ಹೋದ್ ಸಲ ಹರೂಕೆ ಹೇಳಿ ಕೆಟ್ಟವ ನಾನೇ. ಈ ಸಲ ಇಡೀ ಚೀಟಿ ಹಾಕಿ.” ಆ ವಾರ ಅವನಾಡಿದಷ್ಟು ಮಾತು ಮದುವೆಯಾದಂದಿನಿಂದ ಆಡಿರಲಿಲ್ಲವೆಂದು ಜಲಜಳೇ ಹೇಳುತ್ತಾಳೆ.

ಎಣಿಕೆಯ ದಿನ ನೀಲಿ ಪೆಟ್ಟಿಗೆಯಲ್ಲಿ ಅರವತ್ತೊಂದು, ಕೆಂಪಿನಲ್ಲಿ ಐವತ್ತಮೂರು. ಹರಿದ ಚೀಟಿ ಒಂದೂ ಇರಲಿಲ್ಲ.

ಮೊದಲ ಸಭೆಗೆ ಜಲಜ ಮೀನು ಮಾರಿ ಮುಗಿಸಿ, ಕೈತೊಳೆದು, ಒಗೆದ ಸೀರೆ ಉಟ್ಟು ಹೋದಳು. ಕಾಂಡ್ಲದ ಏಲಂ ಎಂದು ಗುಮಾಸ್ತ ಓದಿದ್ದೇ ತಡ, ಕೈಯೆತ್ತುವವರು ಕೈಯೆತ್ತಲು ಸಿದ್ಧರಾದರು.

“ಒಂದ್ ಕೇಂಬುದಿತ್ತ್,” ಎಂದಳು ಜಲಜ. “ಕಾಂಡ್ಲ ಕಡ್ದ್ರೆ ಎಷ್ಟ್ ಬತ್ತ್?”

ನೂರಿಪ್ಪತ್ತು ರೂಪಾಯಿ ಎಂದ ಗುಮಾಸ್ತ.

“ಕುಸ್ದ್ ದಡಕ್ಕೆ ಕಲ್ಲ್ ಕಟ್ಟುಕೆ ಎಷ್ಟ್ ಬೇಕ್?”

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಸೂರು ನೋಡಿದರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಉತ್ತರ ಸಿಗುವವರೆಗೆ ಏಲಂ ನಿಲ್ಲಿಸಬೇಕೆಂದು ಸಭೆ ಒಪ್ಪಿತು. ಉತ್ತರ ಸಾವಿರದ ಮೇಲೆ ಬಂತು, ಏಲಂ ನಿಂತೇ ಹೋಯಿತು. ಆ ವರ್ಷದ ದುಡ್ಡಿನಲ್ಲಿ ಕಡವಿಗೆ ಆರು ಕಲ್ಲಿನ ಮೆಟ್ಟಿಲು ಆದವು. ಎಂಟು ಮಾರು ನೆಲ ಎಂಟು ಮಾರಾಗಿಯೇ ಉಳಿಯಿತು.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ಬೈಂದೂರಿರಲಿ, ಕುಂದಾಪುರವಿರಲಿ, ಬ್ರಹ್ಮಾವರವಿರಲಿ, ನಿಮ್ಮೂರ ಪಂಚಾಯತಿಗೂ ಚುನಾವಣೆ ಬರುತ್ತದೆ. ಇವತ್ತೇ ಹೋಗಿ ಮತದಾರರ ಪಟ್ಟಿ ತೋರಿಸಿ ಎನ್ನಿ. ತೋರಿಸುವುದು ಅವರ ಕೆಲಸ, ಕೇಳುವುದು ನಿಮ್ಮ ಹಕ್ಕು. ಹೆಸರಿಲ್ಲದಿದ್ದರೆ ಬರೆಸಿ. ಹೆಸರಿದ್ದರೆ ಹೋಗಿ ಮತ ಹಾಕಿ. ನಿಮ್ಮ ಪರವಾಗಿ ಕೇಳುವವರು ಒಬ್ಬರೂ ನಿಂತಿಲ್ಲವೇ? ಹಾಗಾದರೆ, ಅಕ್ಕ, ನೀವೇ ನಿಲ್ಲಿ.